ಭಾವನ ಕಿವಿಗೊಂದು ಆಂಪ್ಲಿಫೈಯರ್

ಮೊನ್ನೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನಿಗೆ ಒಂದು ಚಿತ್ರ ಕಳಿಸಿದ್ದಳು. ಮೇಜಿನ ಮೇಲೊಂದು ದೊಡ್ಡ ಹೆಡ್‌ಫೋನ್, ಒಂದೊಂದು ಕಿವಿಗೂ ಹೋಳಿಗೆಯಷ್ಟಗಲದ ಬಟ್ಟಲು. ಕೆಳಗೆ ಪ್ರಶ್ನೆ: ‘ಸರ್, ಇದಕ್ಕೆ ಎಂಥ ಆಂಪ್ಲಿಫೈಯರ್ ತಗೊಳ್ಳಲಿ? ಫೋನಿಗೆ ಹಾಕಿದ್ರೆ ಸೊಳ್ಳೆ ಹಾಡಿದ ಹಾಗೆ ಕೇಳುತ್ತೆ.’

ಮೂಡಿಗೆರೆಯ ಕಾಲೇಜಿನಲ್ಲಿ ಅಷ್ಟು ವರ್ಷ ಭೌತಶಾಸ್ತ್ರ ಬೋಧಿಸಿದೆ. ತರಗತಿಯಲ್ಲಿ ಒಬ್ಬರಾದರೂ ತಾವಾಗಿ ಎದ್ದು ನಿಂತು ಓಮ್‌ನ ನಿಯಮದ ಬಗ್ಗೆ ಕೇಳಿದ್ದು ನೆನಪಿಲ್ಲ. ನಿವೃತ್ತನಾದ ಮೇಲೆ ಮಾತ್ರ ಎಲ್ಲೆಲ್ಲಿಂದಲೋ ಈ ಬಗೆಯ ಪ್ರಶ್ನೆಗಳು ಬರುತ್ತವೆ. ಈ ಖ್ಯಾತಿಗೆ ಕಾರಣ ನನ್ನ ಭಾವ. ಉತ್ತರ ಬರೆಯಲು ಕೂತವನಿಗೆ ಉತ್ತರಕ್ಕಿಂತ ಮೊದಲು ಅವರ ಮನೆಯ ಹಜಾರವೇ ಕಣ್ಣ ಮುಂದೆ ಬಂತು. ಬನ್ನಿ, ಮೊದಲು ಅಲ್ಲಿಗೇ ಹೋಗೋಣ.

ಶ್ರೀಧರ ಭಾವ ಚಿಕ್ಕಮಗಳೂರಿನ ತೋಟಗಳ ಕಾಫಿ ಬೀಜವನ್ನು ಸುಲಿದು ಹದಮಾಡುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿಯ ರುಚಿ ನೋಡುವ ಕೆಲಸದಲ್ಲಿದ್ದವರು. ಸಾಲಾಗಿಟ್ಟ ಬಟ್ಟಲುಗಳ ಮೇಲೆ ಬಾಗಿ ಮೂಗಿನಿಂದ ಘಮ ಹಿಡಿಯುವುದು, ಚಮಚದಲ್ಲಿ ತೆಗೆದು ಗಾಳಿಯ ಜೊತೆ ‘ಸರ್ರ್’ ಎಂದು ಎಳೆಯುವುದು, ನಾಲಿಗೆಯ ಮೇಲೆ ಹರಡಿಕೊಂಡು ಉಗಿಯುವುದು, ಮುಂದಿನ ಬಟ್ಟಲಿಗೆ ಹೋಗುವುದು. ಯಾವ ತೋಟದ ಬೀಜ ಕಣದಲ್ಲಿ ಸರಿಯಾಗಿ ಒಣಗಿಲ್ಲ, ಯಾವುದು ಮೆಣಸಿನ ಮೂಟೆಯ ಪಕ್ಕ ಮಲಗಿತ್ತು ಎಂದೆಲ್ಲ ಹೇಳುತ್ತಿದ್ದರು. ತೊಂದರೆಯೆಂದರೆ ಮನೆಯಲ್ಲಿ ಸಾರನ್ನೂ ಹಾಗೆಯೇ ಎಳೆಯುತ್ತಿದ್ದರು. ನೆಂಟರ ಜೊತೆ ಊಟಕ್ಕೆ ಕೂತಾಗ ಅಕ್ಕ ಮೇಜಿನ ಕೆಳಗೆ ಅವರ ಕಾಲು ತುಳಿಯುವುದು ನಮಗೆಲ್ಲ ಗೊತ್ತಿದ್ದ ಗುಟ್ಟು.

ಒಂದು ಕೆಟ್ಟ ಜ್ವರ ಬಂತು. ಜ್ವರವೇನೋ ಹೋಯಿತು, ಹೋಗುವಾಗ ಭಾವನ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಮಲ್ಲಿಗೆಯೂ ಇಲ್ಲ, ಸೀಮೆಎಣ್ಣೆಯೂ ಇಲ್ಲ. ವೈದ್ಯರು ಕಾಯಲು ಹೇಳಿದರು. ಕಾದರು. ಕೊನೆಗೆ ತಾವೇ ಕೆಲಸ ಬಿಟ್ಟರು. ಅಕ್ಕ ಫೋನಿನಲ್ಲಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ: “ಸಾರಿಗೆ ಇಂಗು ಹಾಕೋದು ಮರೆತ್ರೂ ಬಯ್ಯಲ್ಲ ಕಣೋ ಇವ್ರು. ಸುಮ್ನೆ ಊಟ ಮಾಡಿ ಏಳ್ತಾರೆ. ಒಂದ್ಸಲ ಬಯ್ದಿದ್ರೆ ಸಾಕಾಗಿತ್ತು.”

ಬೀಳ್ಕೊಡುಗೆಯ ದಿನ ಸಹೋದ್ಯೋಗಿಗಳೆಲ್ಲ ಸೇರಿ ಭಾವನಿಗೆ ಒಂದು ಭಾರೀ ಹೆಡ್‌ಫೋನ್ ಕೊಟ್ಟರು. ಅವರಿಗೆ ಸಂಗೀತದ ಹುಚ್ಚು ಇದ್ದದ್ದು ಎಲ್ಲರಿಗೂ ಗೊತ್ತಿತ್ತು. ವಿಚಾರಿಸಿ, ಹುಡುಕಿ, ಇದ್ದುದರಲ್ಲೇ ಶ್ರೇಷ್ಠವಾದದ್ದನ್ನು ತರಿಸಿದ್ದರು. ಅದನ್ನು ನಡೆಸಲು ಇನ್ನೊಂದು ಯಂತ್ರ ಬೇಕೆಂಬುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಭಾವ ಫೋನಿಗೆ ಸಿಕ್ಕಿಸಿ ಕೇಳಿದರು. ಪಿಟೀಲು ಎಲ್ಲೋ ಪಕ್ಕದ ತೋಟದಾಚೆ ನುಡಿದಂತಿತ್ತು. ಮೃದಂಗವಂತೂ ರಟ್ಟಿನ ಪೆಟ್ಟಿಗೆ ಬಡಿದಂತೆ. ತೆಗೆದು ಪೆಟ್ಟಿಗೆಯೊಳಗಿಟ್ಟು, ನಾನು ಹೋದಾಗ ತಣ್ಣಗೆ ಹೇಳಿದರು: “ಮೂಗಿನ ಹಿಂದೆ ಕಿವಿಯೂ ಹೊರಟಿತು ಅಂತ ಕಾಣುತ್ತೆ ಮಾರಾಯ.”

ಅಕ್ಕ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಅವಳ ಮುಖ ನೋಡಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ.

“ನಿಮ್ಮ ಕಿವಿಗೆ ಏನೂ ಆಗಿಲ್ಲ ಭಾವ. ಇದು ಹಸಿದಿದೆ, ಅಷ್ಟೇ” ಎಂದು ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ಓದಿ ಪಾಠ ಶುರುಮಾಡಿದೆ. ಈ ಜಾತಿಯ ಹೆಡ್‌ಫೋನಿನಲ್ಲಿ ಈರುಳ್ಳಿ ಸಿಪ್ಪೆಯಂಥ ತೆಳುವಾದ ಹಾಳೆಯೊಂದು ಅಯಸ್ಕಾಂತಗಳ ನಡುವೆ ಬಿಗಿದಿರುತ್ತದೆ. ಅದನ್ನು ಅಲುಗಿಸಲು ವಿದ್ಯುತ್ತು ಧಾರಾಳವಾಗಿ ಬೇಕು, ಫೋನಿನ ಕೈಲಾಗದು. ಪಿಟೀಲಿನ ಎಳೆದ ಸ್ವರಕ್ಕೆ ಅಲ್ಪಸ್ವಲ್ಪ ಸಾಕು, ಮೃದಂಗದ ಎಡಭಾಗ ‘ಧೋಂ’ ಎಂದಾಗ ಒಮ್ಮೆಲೇ ಅದರ ಹಲವು ಪಟ್ಟು ಬೇಕು. ಸಪಾಟು ರಸ್ತೆಯಲ್ಲಿ ಯಾವ ಗಾಡಿಯಾದರೂ ಓಡುತ್ತದೆ. ಕಳಸದ ದಾರಿಯ ತಿರುವಿನಲ್ಲಿ ಎದುರು ಬಸ್ಸಿಗಾಗಿ ನಿಂತು ಮತ್ತೆ ಏರು ಹತ್ತುವಾಗ ತಾನೇ ಇಂಜಿನ್ನಿನ ಯೋಗ್ಯತೆ ಗೊತ್ತಾಗುವುದು? ಈ ಹೋಲಿಕೆ ನನಗೇ ಬಹಳ ಹಿಡಿಸಿತು. ಭಾವ ಆಕಳಿಸಿದರು.

ಆಂಪ್ಲಿಫೈಯರ್ ಬೇಕು ಎಂದು ಹೇಳುವುದು ಸುಲಭ. ಯಾವುದು? ಅಂತರ್ಜಾಲದಲ್ಲಿ ಹುಡುಕಿದೆ. ಒಬ್ಬ ಕೊಂಡಾಡಿದ್ದನ್ನು ಇನ್ನೊಬ್ಬ ಕಸದಬುಟ್ಟಿಗೆ ಹಾಕುತ್ತಿದ್ದ. ಜಮೀನಿನ ಬೇಲಿಗೂ ಜನ ಅಷ್ಟು ಜಗಳವಾಡುವುದನ್ನು ನಾನು ಕಂಡಿಲ್ಲ. ಕೊನೆಗೆ ಬಣಕಲ್‌ನ ಪೂರ್ಣೇಶನಿಗೆ ಫೋನ್ ಮಾಡಿದೆ. ಆತನಿಗೆ ಕಾಫಿ ತೋಟ ಇದೆ. ತೋಟಕ್ಕಿಂತ ಹೆಚ್ಚು ಆರೈಕೆ ಮಾಡಿ ಸಾಕಿದ ಆಡಿಯೋ ಯಂತ್ರಗಳಿವೆ. “ಶ್ರೀಧರಣ್ಣಂಗಾ? ನಾನೇ ತರ್ತೀನಿ ಬಿಡಿ ಮೇಷ್ಟ್ರೇ. ಕೇಳದೆ ಹೆಂಗೆ ಆರಿಸ್ತೀರಿ?” ಎಂದವನೇ ಭಾನುವಾರ ಜೀಪಿನ ಹಿಂದಿನ ಸೀಟಿನಲ್ಲಿ ಕಂಬಳಿ ಹಾಸಿ ಮೂರು ಯಂತ್ರಗಳನ್ನು ಮಲಗಿಸಿಕೊಂಡು ಬಂದ.

ಒಂದು ಬೆಂಕಿಪೊಟ್ಟಣದಷ್ಟು ಪುಟಾಣಿ. ಇನ್ನೊಂದು ಹಳೇ ರೇಡಿಯೋದಲ್ಲಿದ್ದಂಥ ಗಾಜಿನ ವಾಲ್ವುಗಳಿದ್ದದ್ದು, ಸ್ವಿಚ್ ಹಾಕಿದರೆ ದೀಪಾರತಿಯಂತೆ ಬೆಳಗುತ್ತಿತ್ತು. ಮೂರನೆಯದು ಕರಿಯ ಕಬ್ಬಿಣದ ಡಬ್ಬ. ಇನ್‌ವರ್ಟರ್ ಎಂದರೂ ನಂಬಬಹುದಿತ್ತು. ನನ್ನ ಮನಸ್ಸು ಆಗಲೇ ದೀಪಾರತಿಗೆ ಸೋತಿತ್ತು. “ಭಾವ, ಇದೇ ಇರಲಿ” ಎಂದೇಬಿಟ್ಟೆ.

ಆಗ ಭಾವ ಕುರ್ಚಿಯಲ್ಲಿ ನೆಟ್ಟಗಾದರು. “ಚೀಲದ ಮೇಲಿನ ಹೆಸರು ನೋಡಿ ಕಾಫಿಗೆ ಮಾರ್ಕ್ಸ್ ಕೊಡ್ತಾರೇನೋ? ಟವೆಲ್ ತಾ.”

ತಾವೇ ಕಣ್ಣಿಗೆ ಟವೆಲ್ ಕಟ್ಟಿಕೊಂಡರು. ಯಾವುದು ಯಾವುದೆಂದು ಹೇಳಕೂಡದು, ಒಂದೇ ಕಛೇರಿಯ ಒಂದೇ ಭಾಗ ಕೇಳಿಸಬೇಕು, ನಡುವೆ ಮಾತಾಡಕೂಡದು ಎಂದು ಅಪ್ಪಣೆಯಾಯಿತು. ಜೋರಾಗಿ ಕೇಳಿಸುವುದೆಲ್ಲ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ, ಅದಕ್ಕೆ ಮೂರರ ಸದ್ದನ್ನೂ ಅಳೆದು ಸಮ ಮಾಡಬೇಕು ಎಂದು ನಾನೊಂದು ನಿಯಮ ಸೇರಿಸಿದೆ. “ಭೇಷ್, ಎಲ್ಲ ಬಟ್ಟಲಿಗೂ ಒಂದೇ ತೂಕದ ಪುಡಿ” ಎಂದರು ಭಾವ. ಅವರಿಂದ ನನಗೆ ಸಿಕ್ಕ ಮೊದಲ ಶಹಬ್ಬಾಸ್ ಅದು.

ಅಷ್ಟರಲ್ಲಿ ಕರೆಂಟ್ ಹೋಯಿತು. ಗಿರಿಯ ಕಡೆ ಗಾಳಿ ಬೀಸಿದರೆ ನಮ್ಮಲ್ಲಿ ತಂತಿ ಮೊದಲು ಹೆದರುತ್ತದೆ, ನಿಮಗೂ ಗೊತ್ತು. ಅಕ್ಕ ಕಾಫಿ ತಂದಳು. ಪೂರ್ಣೇಶ ಮೊದಲ ಗುಟುಕಿಗೇ “ಆಹಾ” ಎಂದು, ತಕ್ಷಣ ನಾಲಿಗೆ ಕಚ್ಚಿಕೊಂಡ. ಭಾವ ಟವೆಲನ್ನು ಹಣೆಗೆ ಸರಿಸಿ, ಬಿಸಿನೀರು ಕುಡಿದಂತೆ ಲೋಟ ಖಾಲಿ ಮಾಡಿದರು. ಕರೆಂಟ್ ಬಂದಾಗ ಎಲ್ಲರೂ ಒಟ್ಟಿಗೆ ಎದ್ದೆವು.

ಮೊದಲನೆಯದನ್ನು ಕೇಳಿ ಭಾವ ತುಟಿ ಓರೆಮಾಡಿದರು. “ತೆಳು. ಎರಡನೇ ಡಿಕಾಕ್ಷನ್.” ಅದು ಪುಟಾಣಿ.

ಎರಡನೆಯದಕ್ಕೆ ನಸುನಕ್ಕರು. “ಸಿಹಿಯಾಗಿದೆ. ಆದ್ರೆ ಹಾಲು ಜಾಸ್ತಿ. ಕಾಫಿ ಎಲ್ಲಿ ಮಾರಾಯ, ಹುಡುಕಬೇಕು.” ಅದು ನನ್ನ ದೀಪಾರತಿ. ಪೂರ್ಣೇಶ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ.

ಮೂರನೆಯದನ್ನು ಸಿಕ್ಕಿಸಿದೆವು. ಪಿಟೀಲಿನ ಕಲ್ಯಾಣಿ ಹೊರಟಿತು. ಭಾವ ಕದಲಲಿಲ್ಲ. ಅವರ ಬೆರಳು ಮಾತ್ರ ತೊಡೆಯ ಮೇಲೆ ಬಂದು ಕೂತಿತು. ಮೃದಂಗ ಸೇರುವ ಹೊತ್ತಾಯಿತು. ಎಡಗೈಯ ಪೆಟ್ಟು ಬಿದ್ದಿರಬೇಕು; ಭಾವ ತಲೆ ಹಿಂದಕ್ಕೆಸೆದು, ಬಾಯಿ ಸಣ್ಣ ಮಾಡಿ, ತಮಗೇ ತಿಳಿಯದಂತೆ ಗಾಳಿಯನ್ನು ಒಳಗೆಳೆದರು. ‘ಸರ್ರ್!’

ಅಡುಗೆಮನೆಯಲ್ಲಿ ಪಾತ್ರೆಯೊಂದು ಬಿತ್ತು. ಅಕ್ಕ ಒದ್ದೆ ಕೈಯಲ್ಲೇ ಓಡಿಬಂದಳು. “ಏನು, ಏನಾಯ್ತು? ಇವ್ರೇ ಎಳೆದಿದ್ದಾ?”

ಭಾವನಿಗೆ ಅದಾವುದೂ ಕೇಳಿಸಿರಲಿಲ್ಲ. “ತುಂಬಿದೆ,” ಎಂದರು ಜೋರಾಗಿ, ಹೆಡ್‌ಫೋನ್ ಹಾಕಿಕೊಂಡವರು ಎಲ್ಲರೂ ಕೂಗುವ ಹಾಗೆ. “ಬಾಯಿ ತುಂಬುತ್ತೆ! ಬೆರಳು ಮೃದಂಗದ ಚರ್ಮ ಬಿಟ್ಟು ಮೇಲೇಳೋದೂ ಗೊತ್ತಾಗುತ್ತೆ. ಯಾವುದಿದು?” ಟವೆಲ್ ಕಿತ್ತು ಕರಿಯ ಡಬ್ಬ ನೋಡಿದರು. ಆಮೇಲೆ ಅಕ್ಕನನ್ನು ನೋಡಿದರು. ಅವಳು ಅಳುತ್ತ ನಗುತ್ತ ನಿಂತಿದ್ದಳು. “ನೀನೂ ಕೇಳು ಬಾ” ಎಂದು ಹೆಡ್‌ಫೋನನ್ನು ಅವಳ ಜಡೆಯ ಮೇಲೆ ಸರಿಯಾಗಿ ಕೂರಿಸಿ, ತಾವು ಅವಳ ಮುಖವನ್ನೇ ನೋಡುತ್ತ ಕೂತರು. ನಾನೂ ಪೂರ್ಣೇಶನೂ ಜೀಪಿನಲ್ಲಿ ಏನೋ ಮರೆತವರಂತೆ ಹೊರಗೆ ಹೋದೆವು. ಡಬ್ಬವನ್ನು ಆತ ವಾಪಸ್ ಒಯ್ಯಲಿಲ್ಲ. ಕೇಳಿದರೆ “ನನ್ನತ್ರ ಜಾಗ ಇಲ್ಲ” ಎಂದ.

ಮುಂದೆ ಆದದ್ದನ್ನು ನಾವು ಯಾರೂ ಎಣಿಸಿರಲಿಲ್ಲ. ಒಂದು ಬೆಳಿಗ್ಗೆ ಅಕ್ಕ ಬಾಣಲೆಯಲ್ಲಿ ಕಾಫಿ ಬೀಜ ಹುರಿಯುತ್ತಿದ್ದಾಗ ಭಾವ ಹಜಾರದಿಂದಲೇ “ಇಳಿಸು, ಇಳಿಸು” ಎಂದು ಕೂಗಿದರಂತೆ. ಬೀಜ ಬಿರಿಯುವ ಚಿಟಪಟ ಸದ್ದು ಮೊದಲು ಜೋರಾಗಿ ಬಂದು, ತಗ್ಗಿ, ಎರಡನೆಯ ಸಲ ಸಣ್ಣಗೆ ಶುರುವಾಗುವ ಮುಂಚಿನ ಗಳಿಗೆ ಅವರಿಗೆ ಗೋಡೆಯಾಚೆಗೂ ಸಿಕ್ಕಿತ್ತು. ಹುರಿಯುವವರು ಮೂಗಿನ ಜೊತೆ ಕಿವಿಯನ್ನೂ ಬಳಸುತ್ತಾರೆಂದು ಅವರಿಗೆ ಮೊದಲೇ ಗೊತ್ತಿತ್ತು. ಆದರೆ ಕಿವಿಯ ಮೇಲೆ ಅವರಿಗೆ ನಂಬಿಕೆ ಮರಳಿದ್ದು ಈಗ. ಇವತ್ತು ಅವರು ಪೇಟೆಯಲ್ಲಿ ಗೆಳೆಯರೊಬ್ಬರ ಕಾಫಿ ಪುಡಿ ಅಂಗಡಿಯಲ್ಲಿ ಹುರಿಯುವ ಯಂತ್ರದ ಪಕ್ಕ ನಿಲ್ಲುತ್ತಾರೆ. ಆ ಹುರಿತದ ಪುಡಿಗೆ ಗಿರಾಕಿಗಳು ಕಾದು ನಿಲ್ಲುತ್ತಾರೆ. ಕಾದು ನಿಂತವರಿಗೆಲ್ಲ ನನ್ನ ಆಂಪ್ಲಿಫೈಯರ್ ಪಾಠದ ಕಥೆ ಹೇಳುವುದೂ ಅವರೇ.

ವಿದ್ಯಾರ್ಥಿನಿಗೆ ‘ಸದ್ದು ಸಮ ಮಾಡಿ, ಕಣ್ಣು ಕಟ್ಟಿಕೊಂಡು ಕೇಳಿ ಆರಿಸು’ ಎಂದಷ್ಟೇ ಬರೆದು, ನಿನ್ನೆ ಅಲ್ಲಿಗೆ ಹೋಗಿದ್ದೆ. ಭಾವ ಕಣ್ಣುಮುಚ್ಚಿ ತಿರುಗುವ ಪೀಪಾಯಿಗೆ ಕಿವಿಗೊಟ್ಟಿದ್ದರು. ನಾನೂ ಕಣ್ಣುಮುಚ್ಚಿ ನಿಂತೆ. ಜಾಣನಂತೆ “ಈಗ” ಎಂದೆ. “ಸುಮ್ನಿರು ಮಾರಾಯ” ಎಂದರು. ಇನ್ನಷ್ಟು ಚಿಟಪಟ. ಆಮೇಲೆ ಬಾಗಿಲು ತೆರೆದರು. ಕಂದು ಬೀಜ ಧಾರೆಯಾಗಿ ತಟ್ಟೆಗೆ ಸುರಿಯಿತು, ಹೊಗೆ ಎದ್ದಿತು.

“ಹ್ಞೂಂ, ಘಮ ಹೇಗಿದೆ ಹೇಳು.”

“ಇಷ್ಟು ಶಾಖಕ್ಕೆ ಸಕ್ಕರೆಯ ಅಂಶ...”

“ಫಿಸಿಕ್ಸ್ ಬೇಡ. ಘಮ.”

ಬಾಗಿ ಮೂಗು ತುಂಬ ಎಳೆದುಕೊಂಡೆ. ಹಿಂದೆ ನಾನು ಕಾಫಿಗೆ ಹೇಳುತ್ತಿದ್ದುದು ‘ಚೆನ್ನಾಗಿದೆ’ ಅಥವಾ ‘ಚೆನ್ನಾಗಿಲ್ಲ’, ಅಷ್ಟೇ. ಈಗ ಅದು ಸಾಲದು. “ಹುರಿಗಡಲೆ ಇದೆ,” ಎಂದೆ. “ಬೆಲ್ಲ ಪಾಕಕ್ಕೆ ಬಂದಾಗಿನ ವಾಸನೆ.”

“ಆಮೇಲೆ?”

ಇನ್ನೊಮ್ಮೆ ಬಾಗಿದೆ. “ಹಿಂದೆ, ತುಂಬ ಹಿಂದೆ, ಕಿತ್ತಳೆ ಸಿಪ್ಪೆ.”

ಭಾವ ಮುಖ ಅರಳಿಸಿ ತಟ್ಟೆಯೊಳಗೆ ಕೈಯಾಡಿಸಿದರು. “ಕಿತ್ತಳೆ ಬಂತಾ? ಹಾಗಾದ್ರೆ ಸರಿಯಾದ ಗಳಿಗೆಗೇ ಇಳಿಸಿದ್ದೀನಿ.”