ಮಾಯಕ್ಕ ಬರೆದ ಎರಡು ವಾಕ್ಯಗಳು

ಪಾರಿಶ್ವಾಡದ ಅಂಗನವಾಡಿಯಲ್ಲಿ ಮಾಯಕ್ಕ ಸಹಾಯಕಿ. ಮುಂದೆ ಓದಿ ಕಾರ್ಯಕರ್ತೆಯಾಗುವ ಆಸೆ ಅವಳದು. ಆದರೆ ಏಳನೆಯ ತರಗತಿಗೇ ಅಪ್ಪ ಬೀರಣ್ಣ ಶಾಲೆ ಬಿಡಿಸಿ ಅವಳನ್ನು ಕುರಿಗಳ ಹಿಂದೆ ಕಳಿಸಿದ್ದ. ಈಗ, ಇಬ್ಬರು ಮಕ್ಕಳ ತಾಯಾದ ಮೇಲೆ, ಖಾಸಗಿಯಾಗಿ ಹತ್ತನೆಯ ತರಗತಿಯ ಪರೀಕ್ಷೆಗೆ ಕಟ್ಟಿದಳು. ಉಳಿದದ್ದೆಲ್ಲ ಪಾಸಾಗಿ ಇಂಗ್ಲಿಷ್ ಮಾತ್ರ ಹೋಯಿತು.

ಬೆಳಗಾವಿಯ ಫೌಂಡ್ರಿಯಲ್ಲಿ ಕೆಲಸಕ್ಕಿದ್ದ ತಮ್ಮ ಲಕ್ಷ್ಮಣ ಸುಮ್ಮನಿರಲಿಲ್ಲ. ಟಿಳಕವಾಡಿಯಲ್ಲಿ ಮನೆಪಾಠ ಹೇಳುವ ನಿವೃತ್ತ ಶಿಕ್ಷಕಿ ಸುಲಭಾ ಅವರನ್ನು ಗೊತ್ತು ಮಾಡಿದ. ಭಾನುವಾರ ಅಕ್ಕ ಬಸ್ಸಿಳಿದರೆ ಅವನೇ ಬೈಕಿನಲ್ಲಿ ಕರೆದೊಯ್ದು, ಪಾಠ ಮುಗಿಯುವವರೆಗೂ ಹೊರಗೆ ಕಟ್ಟೆಯ ಮೇಲೆ ಕೂರುತ್ತಿದ್ದ.

ಕ್ರಿಯಾಪದ ಗುರುತಿಸುವುದು ಅವಳಿಗೆ ಬೇಗ ಬಂತು. ಕಾಡಿದ್ದು ಕರ್ಮಪದಗಳು. ‘ಶಿ ಗೇವ್ ದ ಚೈಲ್ಡ್ ಮಿಲ್ಕ್’ ಎಂಬಲ್ಲಿ ಚೈಲ್ಡ್ ಪದವೇ ಡೈರೆಕ್ಟ್ ಆಬ್ಜೆಕ್ಟ್ ಎಂದು ಅಡಿಗೆರೆ ಎಳೆದಳು.

“ಹಂಗಾರ ಆಕಿ ಕೂಸನ್ನ ಕೊಟ್ಟಬಿಟ್ಳೇನವಾ?” ಸುಲಭಾ ನಕ್ಕರು. “ಏನ್ ಕೊಟ್ಳು ಅಂತ ಮೊದಲ ಕೇಳು. ಹಾಲು. ಅದು ಡೈರೆಕ್ಟ್. ಆಮ್ಯಾಲ, ಯಾರಿಗೆ? ಕೂಸಿಗೆ. ಅದು ಇನ್‌ಡೈರೆಕ್ಟ್.”

“ನಮ್ಮ ಮಾತಿನ್ಯಾಗ ‘ಗೆ’ ಅಂತ ಹಚ್ಚತೇವ್ರಿ ಬಾಯಾರ. ಇದರಾಗ ಏನೂ ಇಲ್ಲಲ್ರಿ.”

“ಖರೇ. ಇಲ್ಲಿ ಯಾವ ಪದ ಎಲ್ಲಿ ಕುಂತೈತಿ ಅನ್ನೂದ ನೋಡಬೇಕು. ಈಗ ನಿಂದ ಒಂದು ವಾಕ್ಯ ಬರಿ.”

ಮಾಯಕ್ಕ ಬಹಳ ಹೊತ್ತು ಯೋಚಿಸಿ ಎರಡು ಬರೆದಳು. ‘ಫಾದರ್ ಗೇವ್ ಲಕ್ಷ್ಮಣ ಬುಕ್ಸ್.’ ‘ಫಾದರ್ ಗೇವ್ ಮಿ ಶೀಪ್.’ ಗುರುತುಗಳೆಲ್ಲ ಸರಿಯಾಗಿದ್ದವು. ಆದರೆ “ಅಪ್ಪ ಲಕ್ಷ್ಮಣಗ ಪುಸ್ತಕ ಕೊಟ್ಟ, ನನಗ ಕುರಿ ಕೊಟ್ಟ” ಎಂದು ಕನ್ನಡದಲ್ಲಿ ಅರ್ಥ ಹೇಳಿ ಅವಳು ಪೆನ್ನು ಕೆಳಗಿಟ್ಟಳು. ಸುಲಭಾ ಅವಳ ಬೆನ್ನ ಮೇಲೆ ಕೈಯಿಟ್ಟರು.

ಕಟ್ಟೆಯ ಮೇಲಿದ್ದ ಲಕ್ಷ್ಮಣನಿಗೂ ಅದು ಕೇಳಿಸಿತ್ತು. ಬೈಕಿನ ಹತ್ತಿರ ಬಂದಾಗ ಅವನು ತಲೆ ತಗ್ಗಿಸಿಯೇ ಹೇಳಿದ, “ಅಕ್ಕಾ, ನಾ ಆಗ ಸಣ್ಣಾಂವ. ನಿನ್ನ ಯಾಕ ಸಾಲಿ ಬಿಡಿಸಿದ್ರು ಅಂತ ಕೇಳಾಕೂ ತಿಳೀಲಿಲ್ಲ.”

“ನಿನ್ನ ಮ್ಯಾಲ ಸಿಟ್ಟಿಲ್ಲೋ ತಮ್ಮಾ. ಇಷ್ಟು ದಿನ ಯಾರ ಮುಂದೂ ಹೇಳಿರ್ಲಿಲ್ಲ, ಅಷ್ಟ.”

ಮಳೆಗಾಲಕ್ಕೆ ಮುಂಚೆ ಖಾನಾಪುರದಲ್ಲಿ ಮತ್ತೆ ಪರೀಕ್ಷೆ ಬರೆದಳು. ಈ ಸಲ ಇಂಗ್ಲಿಷ್ ಹೇಗೋ ದಡ ಹತ್ತಿತು. ತವರಿಗೆ ಹೋಗಿ ಸುದ್ದಿ ಹೇಳಿದಾಗ ಬೀರಣ್ಣ ಅಂಗಳದಲ್ಲಿ ನಿಂತುಬಿಟ್ಟ.

“ಇನ್ನೂ ಓದೂದೈತೇನು?”

“ಐತೆಪಾ. ಕಾರ್ಯಕರ್ತಿ ಆಗಾಕ ಪಿಯುಸಿ ಬೇಕು.”

“ಓದವಾ,” ಎಂದ. ಅವಳತ್ತ ನೋಡದೆ, “ಆಗ ನನಗ ತಿಳೀಲಿಲ್ಲ,” ಎಂದು ಕುರಿಹಟ್ಟಿಯ ಕಡೆ ನಡೆದ. ಮಾಯಕ್ಕ ಅಂದೇ ಸುಲಭಾ ಅವರಿಗೆ ಫೋನು ಮಾಡಿ, ಮುಂದಿನ ಪಾಠ ಯಾವಾಗಿನಿಂದ ಎಂದು ಕೇಳಿದಳು.