ಗುಡಗಾಂವ್ ದಾರಿಯಲ್ಲಿ ಹಳದಿ ನೀರು

ದೆಹಲಿಯ ಕಿದ್ವಾಯಿ ನಗರದ ಕ್ವಾರ್ಟರ್ಸಿನಿಂದ ನಾವು ಹೊರಟಾಗ ಬೆಳಿಗ್ಗೆ ಎಂಟೂವರೆ. ಜೂನ್ ತಿಂಗಳ ಶನಿವಾರ. ನನ್ನ ಪಕ್ಕ ಕೂತವರು ಕಾಲೊನಿಯ ಸಂಘದ ಕಾರ್ಯದರ್ಶಿ ರಾಯರು. ಗುಡಗಾಂವಿನಲ್ಲಿ ಅವರ ಮಗಳು ಹನ್ನೊಂದನೇ ಮಹಡಿಯಲ್ಲಿ ಫ್ಲ್ಯಾಟು ಕೊಂಡಿದ್ದಳು, ಅಂದು ಅದರ ಗೃಹಪ್ರವೇಶ. ದಾರಿ ಹೆಚ್ಚೆಂದರೆ ಇಪ್ಪತ್ತೆಂಟು ಕಿಲೋಮೀಟರು. ಬಸ್ಸಿಗೆ ಹೋಗಿದ್ದರೆ ಹದಿನೈದು ರೂಪಾಯಿಯಲ್ಲಿ ಮುಗಿಯುತ್ತಿತ್ತು. ಆದರೆ ಇಪ್ಪತ್ತು ವರ್ಷದ ನನ್ನ ಅಂಬಾಸಡರ್ ಕಾರು ಹೊಸದರಂತಾಗಿದೆ ಎಂದು ರಾಯರ ಮುಂದೆ ಕೊಚ್ಚಿಕೊಂಡಿದ್ದೆ.

ಅದನ್ನು ಹಾಗೆ ಮಾಡಿದವನು ಯಾಸೀನ್. ಕಾಲೊನಿಯ ಹಿಂದಿನ ಗೇಟಿನ ಬೇವಿನ ಮರದಡಿ ಒಂಬತ್ತು ವರ್ಷದಿಂದ ಗಾಡಿ ರಿಪೇರಿ ಮಾಡುತ್ತಿದ್ದ. ಆ ವಾರ ವಾಟರ್ ಪಂಪು, ಎರಡು ಹೋಸ್ ಪೈಪು, ಫ್ಯಾನ್ ಬೆಲ್ಟು ಬದಲಾಯಿಸಿದ್ದ. "ರೇಡಿಯೇಟರ್ ಸೋರ್ತಿದೆ ಸಾಬ್. ಬೇರೆ ತರಿಸಿದ್ದೀನಿ, ಸೋಮವಾರ ಹಾಕ್ತೀನಿ. ಅಲ್ಲಿವರೆಗೆ ದೂರ ಹೋಗಬೇಡಿ" ಎಂದು ತನ್ನ ಹಿಂದಿಯಲ್ಲಿ ಹೇಳಿದ್ದ. ಇನ್ನೊಂದು ಮಾತೂ ಕೇಳಿದ್ದ. ಮರದಡಿ ಎಣ್ಣೆ ಚೆಲ್ಲುತ್ತದೆಂದು ಅವನನ್ನು ಅಲ್ಲಿಂದ ಎಬ್ಬಿಸುವ ವಿಚಾರ ಭಾನುವಾರ ಸಂಘದ ಸಭೆಗೆ ಬರುವುದಿತ್ತು. "ನನ್ನ ಕೆಲಸ ಹೇಗಿದೆ ಅಂತ ನೀವೊಂದು ಮಾತು ಹೇಳಿ, ಸಾಬ್."

ಕಾರಿನಲ್ಲಿ ಕರೆದೊಯ್ಯುತ್ತೇನೆಂದು ರಾಯರಿಗೆ ಮಾತು ಕೊಟ್ಟಾಗಿತ್ತು. ಸೋರುವ ರೇಡಿಯೇಟರಿಗೆ ಅರಿಶಿನ ಸುರಿದರೆ ತೂತು ಕಟ್ಟಿಕೊಳ್ಳುತ್ತದೆಂದು ನಮ್ಮ ಆಫೀಸಿನ ಡ್ರೈವರುಗಳು ಹೇಳುವುದನ್ನು ಕೇಳಿದ್ದೆ. ಅಡುಗೆಮನೆಯ ಡಬ್ಬಿಯಿಂದ ಎರಡು ಹಿಡಿ ತಂದು ಸುರಿದೆ. ಸೋರುವುದು ನಿಂತಿತು. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಧೌಲಾ ಕುವಾಂ ದಾಟುವವರೆಗೆ ಚೆನ್ನಾಗಿತ್ತು. ಹೆದ್ದಾರಿ ಅಗಲ ಮಾಡುತ್ತಿದ್ದ ಕಾಲ. ಎಲ್ಲಿ ನೋಡಿದರೂ ಧೂಳು, ಲಾರಿ. ಮಹಿಪಾಲಪುರ ಕಳೆಯುತ್ತಲೇ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರಿತು. ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು.

"ಏನ್ರೀ ಶಾಮಣ್ಣ, ಒಳಗೆ ಇಡ್ಲಿ ಇಟ್ಟಿದ್ದೀರಾ?" ಎಂದು ರಾಯರು ನಕ್ಕರು. ಅರ್ಧ ಗಂಟೆ ಬಿಸಿಗಾಳಿಯಲ್ಲಿ ನಿಂತ ಮೇಲೆ ನಗಲಿಲ್ಲ. "ಮೊನ್ನೆಯಷ್ಟೇ ಆ ಯಾಸೀನನ ಕೈಲಿ ರಿಪೇರಿ ಮಾಡಿಸಿದ್ದಲ್ವೇ ಇದು?"

"ಹೌದು" ಎಂದೆ. ಅಲ್ಲಿಗೆ ನಿಲ್ಲಿಸಿದೆ.

ರಸ್ತೆ ಬದಿಯ ಎಸ್‌ಟಿಡಿ ಬೂತಿನಿಂದ ಯಾಸೀನನ ಪಕ್ಕದ ಪಾನ್ ಅಂಗಡಿಗೆ ಫೋನು ಮಾಡಿದೆ. ಒಂದೂಕಾಲು ಗಂಟೆಯಲ್ಲಿ ಅವನು ಬಸ್ಸಿನಿಂದ ಇಳಿದ, ಹೆಗಲ ಮೇಲೆ ರೇಡಿಯೇಟರ್ ಹೊತ್ತು. ಹಳೇ ರೇಡಿಯೇಟರಿನ ಕೆಳಗಿನ ನಲ್ಲಿ ತಿರುಗಿಸಿದ. ಮೊದಲು ಏನೂ ಬರಲಿಲ್ಲ. ತಂತಿ ತೂರಿಸಿದಾಗ ದಪ್ಪ ಹಳದಿ ನೀರು ಇಳಿಯಿತು. ಅವನು ಬೆರಳು ಅದ್ದಿ ಮೂಸಿದ. ನನ್ನ ಮುಖ ನೋಡಿದ.

ಮಜ್ಜಿಗೆ ಕುಡಿಯಲು ಹೋಗಿದ್ದ ರಾಯರು ಅಷ್ಟರಲ್ಲಿ ಬಂದರು. "ಯೇ ಕ್ಯಾ ಹೈ ಭಯ್ಯಾ? ಯಾಕೆ ಹೀಗೆ ಹಳದಿ?"

ಯಾಸೀನ್ ಬಾಯಿ ಬಿಡುವ ಮೊದಲೇ ನಾನು ಕನ್ನಡದಲ್ಲಿ ಹೇಳಿದೆ: "ತುಕ್ಕು ರಾಯರೇ. ಎಲ್ಲಿಯದೋ ಹಳೇ ಪಂಪು ತಂದು ಹಾಕಿದ್ದಾನೆ ಅಂತ ಕಾಣತ್ತೆ."

ಅವನಿಗೆ ಕನ್ನಡ ಬರುತ್ತಿರಲಿಲ್ಲ. ಪಂಪು ಎನ್ನುವ ಮಾತು, ರಾಯರು ಅವನತ್ತ ತಿರುಗಿ ನೋಡಿದ ರೀತಿ, ಅಷ್ಟು ಸಾಕಾಗಿರಬೇಕು. ತಲೆ ತಗ್ಗಿಸಿ, ತಾನು ತಂದ ರೇಡಿಯೇಟರನ್ನು ಹಾಕಿದ. ಮುಕ್ಕಾಲು ಗಂಟೆಯಲ್ಲಿ ಎಂಜಿನ್ ಸದ್ದಿಲ್ಲದೆ ಓಡಿತು. ರಾಯರು ಒಳಗೆ ಕೂತ ಮೇಲೆ ಕಿಟಕಿಯ ಬಳಿ ಬಂದು ಮೆಲ್ಲಗೆ, "ಇನ್ನು ಹೊರಡಿ ಸಾಬ್. ನಾಳೆ ಸಭೇಲಿ ನೀವು ಹೇಳ್ತೀರಲ್ಲ?" ಎಂದ. ತಲೆಯಾಡಿಸಿದೆ.

ಪೂಜೆ ಮುಗಿದಿತ್ತು. ಊಟ ಸಿಕ್ಕಿತು: ಬಿಸಿಬೇಳೆಬಾತು, ಹೋಳಿಗೆ. ಹನ್ನೊಂದನೇ ಮಹಡಿಯಿಂದ ನೋಡಿದರೆ ಸಾಸಿವೆ ಹೊಲಗಳಿದ್ದ ಕಡೆಯೆಲ್ಲ ಕ್ರೇನುಗಳು. ಹಿಂತಿರುಗುವಾಗ ಮುಳ್ಳು ಒಮ್ಮೆಯೂ ಅಲುಗಲಿಲ್ಲ. ನಿಜ ಹೇಳಲು ನನಗೆ ಇಪ್ಪತ್ತೆಂಟು ಕಿಲೋಮೀಟರು ಸಮಯವಿತ್ತು. ರಾಯರು ಮಗಳ ಲಿಫ್ಟಿನ ವಿಷಯ ಹೇಳುತ್ತಿದ್ದರು. ನಾನು ಅಚ್ಛಾ ಅಚ್ಛಾ ಎನ್ನುತ್ತಿದ್ದೆ.

ಭಾನುವಾರ ಯಾಸೀನ್ ಇಸ್ತ್ರಿಯ ಅಂಗಿ ತೊಟ್ಟು ಸಭೆಯ ಬಾಗಿಲ ಹೊರಗೆ ನಿಂತಿದ್ದ. ರಾಯರು, "ಶಾಮಣ್ಣನವರೇ ಹೇಳಲಿ, ಅನುಭವಿಸಿದವರು ಅವರು" ಎಂದರು. ನಾನು ಎದ್ದು, "ಹುಡುಗ ಒಳ್ಳೆಯವನೇ, ಆದರೆ..." ಎಂದೆ. ಆ 'ಆದರೆ' ಆದ ಮೇಲೆ ನಾನು ಏನೂ ಹೇಳಬೇಕಾಗಲಿಲ್ಲ. ಕೈಗಳು ಎದ್ದವು. ನನ್ನದೂ ಎದ್ದಿತು.

ಇದನ್ನು ಓದುತ್ತಿರುವ, ಆಗ ಕಾಲೊನಿಯಲ್ಲಿದ್ದ ನಿಮ್ಮಲ್ಲಿ ಅನೇಕರು ಅವನು ಕೆಟ್ಟ ಕೆಲಸಗಾರನೆಂದೇ ಇಂದಿಗೂ ನಂಬಿದ್ದೀರಿ. ಅವನು ಹಾಕಿದ ಪಂಪು ಹೊಸದು. ಕೆಡಿಸಿದವನು ನಾನು.

ಸೋಮವಾರ ಬೆಳಿಗ್ಗೆ ಅವನು ಸಾಮಾನನ್ನು ತಳ್ಳುಗಾಡಿಗೆ ಏರಿಸುತ್ತಿದ್ದ. ನಾನು ಆಫೀಸಿನ ಬಸ್ಸಿಗೆ ಹೊರಟವನು ತಲೆ ತಗ್ಗಿಸಿ ದಾಟಲು ನೋಡಿದೆ. ಅವನೇ ಹತ್ತಿರ ಬಂದ. ರಾಯರು ಅಲ್ಲೇ ಗಿಡಗಳಿಗೆ ನೀರು ಹಾಕುತ್ತಿದ್ದರು. ಅವರತ್ತ ಒಮ್ಮೆ ನೋಡಿ, ಅವರಿಗೆ ಕೇಳಿಸಬಾರದೆಂದು ದನಿ ತಗ್ಗಿಸಿ ಹೇಳಿದ:

"ಸಾಬ್, ಆ ಅರಿಶಿನ ಇನ್ನೂ ಎಂಜಿನ್ನಿನ ಒಳಗಿರುತ್ತೆ. ಎರಡು ಮೂರು ಸಲ ನೀರು ಬದಲಾಯಿಸಿ. ಇಲ್ಲದಿದ್ರೆ ಈ ರೇಡಿಯೇಟರೂ ಕಟ್ಟಿಕೊಳ್ಳುತ್ತೆ."