ಕೃಪೆ ಎಂಬ ಪತ್ರಿಕೆಯೂ ನನ್ನ ಮೀಸೆಯೂ

ಸರ್ಕಾರದ ಸೇವೆಯಲ್ಲಿ ನಾನು ಇಪ್ಪತ್ತೆರಡು ವರ್ಷ ದೇವರುಗಳ ಕಡತ ನೋಡಿಕೊಂಡವನು. ಮುಜರಾಯಿ ಶಾಖೆ. ಯಾವ ಗುಡಿಯ ಗೋಪುರ ಸೋರುತ್ತದೆ, ಯಾವ ದೇವರಿಗೆ ದೀಪದೆಣ್ಣೆ ಸಾಲದು, ಯಾವ ಊರಿನಲ್ಲಿ ಇಬ್ಬರು ಪೂಜಾರಿಗಳು ಒಂದೇ ಗಂಟೆಗಾಗಿ ಕಿತ್ತಾಡುತ್ತಿದ್ದಾರೆ, ಎಲ್ಲವೂ ನನ್ನ ಮೇಜನ್ನು ಹಾದು ಹೋಗಿವೆ. ನಿವೃತ್ತನಾದ ಮೇಲೆ ಒಂದು ಮಧ್ಯಾಹ್ನ ಕೊಳ್ಳೇಗಾಲದ ನಮ್ಮ ಮನೆಯ ಜಗುಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾಗ ಹೊಳೆಯಿತು: ಇಷ್ಟು ವರ್ಷ ಕಡತ ನೋಡಿದೆನೇ ಹೊರತು, ಯಾರ ಹೆಸರಿನಲ್ಲಿ ಆ ಕಡತ ತೆರೆದಿತ್ತೋ ಆ ಮಹನೀಯನ ವಿಚಾರ ಒಂದು ಪುಟವೂ ಓದಲಿಲ್ಲ. ಆದ್ದರಿಂದ ಧರ್ಮದ ವಿಷಯದಲ್ಲಿ ಕ್ರಮಬದ್ಧವಾಗಿ ಬಿ.ಎ. ಮಾಡತಕ್ಕದ್ದು ಎಂದು ತೀರ್ಮಾನಿಸಿದೆ.

ಅರವತ್ತೊಂದರವನನ್ನು ಬೆಂಚಿನ ಮೇಲೆ ಕೂರಿಸಿಕೊಳ್ಳಲು ಒಪ್ಪಿದ್ದು ಬೆಂಗಳೂರಿನ ಒಂದು ಕ್ಯಾಥೊಲಿಕ್ ವಿಶ್ವವಿದ್ಯಾಲಯ ಮಾತ್ರ. ಧರ್ಮಗಳ ಅಧ್ಯಯನ ಮತ್ತು ಕ್ರೈಸ್ತ ಚಿಂತನೆ, ಮೂರು ವರ್ಷ. ಪಾಠ ಇಂಗ್ಲಿಷಿನಲ್ಲಿ, ಪರೀಕ್ಷೆ ಮಾತ್ರ ಕನ್ನಡದಲ್ಲಿ ಬರೆಯಲು ವಿಶೇಷ ಅನುಮತಿ.

ಶಾಗ್ಯದ ಕಡೆಯ ರೈತರ ಮಗಳಾದ ನನ್ನ ಹೆಂಡತಿಗೆ ಇದು ಸರಿ ಕಾಣಲಿಲ್ಲ.

"ಬೆಟ್ಟದಲ್ಲಿ ಮಾದಪ್ಪ ಕುಂತವ್ನೆ. ಅವನ್ನ ಬುಟ್ಟು ಅಷ್ಟ್ ದೂರ ಓಗಿ ಇನ್ನೊಬ್ಬರ ದೇವ್ರ ಓದ್ಬೇಕಾ?"

"ನಮ್ಮ ದೇವರ ವಿಚಾರ ನನಗೆ ಗೊತ್ತಿದೆಯಲ್ಲ."

"ಏನ್ ಗೊತ್ತು?"

"ತಿಂಗಳಿಗೆ ಎಷ್ಟು ಎಣ್ಣೆ ಬೇಕು ಅಂತ."

ಅವಳು ಎದ್ದು ಒಳಗೆ ಹೋದಳು. ಸೋಮವಾರ ಬೆಳಗ್ಗೆ ಮೊದಲ ಬಸ್ಸಿಗೆ ಹೊರಡುವಾಗ ರಾಗಿರೊಟ್ಟಿ ಮತ್ತು ಹುಚ್ಚೆಳ್ಳಿನ ಚಟ್ನಿ ಕಟ್ಟಿಕೊಟ್ಟಳು. ಅದನ್ನು ಒಪ್ಪಿಗೆ ಎಂದು ದಾಖಲಿಸಿಕೊಂಡೆ.

ತರಗತಿಯಲ್ಲಿ ಎಲ್ಲರೂ ಹದಿನೆಂಟರವರು. ನನ್ನನ್ನು ಅಂಕಲ್ ಎನ್ನುತ್ತಿದ್ದರು, ನನ್ನ ಟಿಪ್ಪಣಿ ಪುಸ್ತಕದ ಫೋಟೊ ತೆಗೆದುಕೊಳ್ಳುತ್ತಿದ್ದರು, ಹಾಜರಿ ಕೂಗುವಾಗ ನಾನು ಎದ್ದು ನಿಂತರೆ ನಗುತ್ತಿದ್ದರು. ಪಾಠ ಹೇಳುತ್ತಿದ್ದ ಗುರುಗಳು ಕರಾವಳಿಯವರು, ಮೂವತ್ತೈದರ ಪಾದ್ರಿ. ನನಗಿಂತ ಇಪ್ಪತ್ತಾರು ವರ್ಷಕ್ಕೆ ಚಿಕ್ಕವರನ್ನು ನಾನು ದಿನಕ್ಕೆ ಹತ್ತು ಸಲ ಫಾದರ್ ಎಂದು ಕರೆಯುತ್ತಿದ್ದೆ. ಮೊದಮೊದಲು ಇಬ್ಬರಿಗೂ ಮುಜುಗರವಾಯಿತು. ಆಮೇಲೆ ಅವರಿಗೆ ಅಭ್ಯಾಸವಾಯಿತು.

ಮೂರು ವರ್ಷದಲ್ಲಿ ಎಲ್ಲ ಪತ್ರಿಕೆಗಳನ್ನೂ ದಾಟಿದೆ. ಕೊನೆಯ ಸೆಮಿಸ್ಟರಿನ ಒಂದೇ ಒಂದು ಪತ್ರಿಕೆ ಕಾಲಿಗೆ ತೊಡರಿಕೊಂಡಿತು. ಅದರ ಹೆಸರು 'ಕೃಪೆ'. ದೇವರು ಮನುಷ್ಯನಿಗೆ ಕೊಡುವುದನ್ನು ಅವನು ಕೇಳದೆಯೇ, ಅವನ ಯೋಗ್ಯತೆ ನೋಡದೆಯೇ, ಸುಮ್ಮನೆ ಕೊಡುತ್ತಾನೆ ಎಂಬುದು ಅದರ ತಿರುಳು. ಇದನ್ನು ತರಗತಿಯ ಮಕ್ಕಳು ತಲೆದೂಗಿ ಒಪ್ಪಿಕೊಂಡರು. ನಾನು ಒಪ್ಪುವುದು ಹೇಗೆ? ಅರ್ಜಿಯಿಲ್ಲದೆ ಮಂಜೂರಾತಿ ಎಂದರೆ ನಮ್ಮಲ್ಲಿ ತನಿಖೆಗೆ ಬರುತ್ತದೆ. ಆದ್ದರಿಂದ ಪರೀಕ್ಷೆಯಲ್ಲಿ ನನ್ನ ಅನುಭವದ ಬಲದಿಂದ ಉತ್ತರ ಬರೆದೆ: ಭಕ್ತನು ಅರ್ಜಿ ಸಲ್ಲಿಸುತ್ತಾನೆ, ಸಂತರು ಸದರಿ ಅರ್ಜಿಯನ್ನು ಪರಿಶೀಲಿಸಿ ಶಿಫಾರಸು ಮಾಡುತ್ತಾರೆ, ದೇವರು ಸಕ್ಷಮ ಪ್ರಾಧಿಕಾರಿಯಾಗಿ ಮಂಜೂರು ಮಾಡುತ್ತಾನೆ, ವಿಳಂಬವಾದಲ್ಲಿ ನೆನಪೋಲೆಯಾಗಿ ಜಪಮಾಲೆ. ಎಂಟು ಪುಟ. ಕೊನೆಯಲ್ಲಿ 'ತಮ್ಮ ವಿಧೇಯ' ಎಂದೂ ಬರೆದಿದ್ದೆನಂತೆ.

ನೂರಕ್ಕೆ ಹನ್ನೊಂದು ಬಂತು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಫಾದರ್ ಬರೆದಿದ್ದರು: "ಇದು ಸ್ವರ್ಗವಲ್ಲ, ತಾಲ್ಲೂಕು ಕಚೇರಿ."

ಉಳಿದ ದಾರಿ ಒಂದೇ. ಯಾವುದಾದರೂ ಕ್ರೈಸ್ತರ ಊರಿಗೆ ಹೋಗಿ, ಕೃಪೆ ಎಂಬುದನ್ನು ಜನ ಹೇಗೆ ಬದುಕುತ್ತಾರೆ ಎಂದು ಕಣ್ಣಾರೆ ಕಂಡು, ಪ್ರಬಂಧ ಬರೆದು, ಮೌಖಿಕ ಪರೀಕ್ಷೆ ಎದುರಿಸಬೇಕು. ಅದರಲ್ಲೂ ಬಿದ್ದರೆ ಪದವಿ ಇಲ್ಲ. ಮೂರು ವರ್ಷದ ಬಸ್ಸು, ರೊಟ್ಟಿ, ಅಂಕಲ್ ಎಂಬ ಬಿರುದು, ಎಲ್ಲ ನೀರಿಗೆ ಬಿದ್ದಂತೆ.

ಮನೆಗೆ ಬಂದು ವಿಷಯ ಹೇಳಿದೆ. ಹೆಂಡತಿ "ಓಗ್ಲಿ ಬುಡಿ" ಎಂದು ಮೊಸರು ಬಡಿಸಿದಳು. ಅಷ್ಟು ಸುಲಭಕ್ಕೆ ಬಿಟ್ಟಳಲ್ಲ ಎಂದು ನನಗೆ ಆಗಲೇ ಅನುಮಾನ ಬರಬೇಕಿತ್ತು.

ಇಲ್ಲಿ ನನ್ನ ಮೀಸೆಯ ವಿಚಾರ ಹೇಳಬೇಕು. ಅದು ನನಗೆ ಇಪ್ಪತ್ತು ತುಂಬುವ ಮೊದಲೇ ಬಂದದ್ದು. ನಮ್ಮ ಹುಟ್ಟೂರು ಮಾಂಬಳ್ಳಿಯಿಂದ ಹೆಣ್ಣು ನೋಡಲು ಹೋದಾಗ ನನಗಿಂತ ಮೊದಲು ಅದೇ ಹೊಸಿಲು ದಾಟಿತು ಎಂದು ನನ್ನ ಅತ್ತೆ ಹೇಳುತ್ತಿದ್ದರು. ಅಪ್ಪ ತೀರಿಕೊಂಡಾಗ ಪದ್ಧತಿಯಂತೆ ಹಿರಿಮಗ ತಲೆ, ಮೀಸೆ ಕೊಟ್ಟ. ಅಮ್ಮ ತೀರಿಕೊಂಡಾಗ ಕಿರಿಮಗ ಕೊಟ್ಟ. ನಾನು ನಡುವಿನವನು. ಹೀಗೆ ಎರಡು ಸಾವುಗಳ ನಡುವೆ ನುಸುಳಿ ನನ್ನ ಮೀಸೆ ಅಖಂಡವಾಗಿ ಉಳಿಯಿತು. ಅದಿಲ್ಲದ ನನ್ನನ್ನು ಹೆಂಡತಿ ಒಮ್ಮೆಯೂ ಕಂಡವಳಲ್ಲ.

ಪ್ರಬಂಧದ ಕೆಲಸಕ್ಕೆ ಹನೂರಿನ ಕಡೆಯ ಕ್ರೈಸ್ತರ ಊರಿಗೆ ಹೊರಡುವ ದಿನ ಬೆಳಗ್ಗೆ ಕನ್ನಡಿಯ ಮುಂದೆ ಅದಕ್ಕೆ ಕಪ್ಪು ಬಣ್ಣ ಹಚ್ಚಲು ಕುಂಚ ಎತ್ತಿದ್ದೆ.

"ಬಣ್ಣ ಯಾಕ್ ದಂಡ ಮಾಡೀರಿ?" ಎಂದಳು ಹಿಂದಿನಿಂದ. "ಅದೇನ್ ಇನ್ ನಿಮ್ದಾ?"

"ಮತ್ತೆ ಯಾರದ್ದು?"

"ಮಾದಪ್ಪಂದು. ಪಾಸಾದ್ರೆ ನಿಮ್ ತಲೆ, ಮೀಸೆ ಎರಡೂ ಕೊಡುಸ್ತೀನಿ ಅಂತ ಅರ್ಕೆ ಒತ್ಕೊಂಡಿವ್ನಿ."

ಕುಂಚ ಕೆಳಗೆ ಬಿತ್ತು. "ನನ್ನ ಮೀಸೆ. ನನ್ನನ್ನು ಒಂದು ಮಾತು ಕೇಳಬಾರದಾ?"

"ನಂಗ್ ಮೀಸೆ ಇದ್ದಿದ್ರೆ ನಂದೇ ಕೊಡ್ತಿದ್ದೆ ಕಣ್ರಿ."

ಪರಿಸ್ಥಿತಿಯ ಗಾಂಭೀರ್ಯವನ್ನು ಓದುಗರು ಗಮನಿಸಬೇಕು. ದೇವರು ಏನನ್ನೂ ಪಡೆಯದೆ ಕೊಡುತ್ತಾನೆ ಎಂದು ನಾನು ಪರೀಕ್ಷೆಯಲ್ಲಿ ಸಾಧಿಸಬೇಕು. ಆ ಪರೀಕ್ಷೆಯಲ್ಲಿ ಗೆಲ್ಲಿಸಲು ದೇವರಿಗೆ ನನ್ನ ಮೀಸೆಯ ಮಾತು ಕೊಟ್ಟಾಗಿದೆ. ಫೇಲಾದರೆ ಪದವಿ ಇಲ್ಲ, ಪಾಸಾದರೆ ಮೀಸೆ ಇಲ್ಲ. ಎರಡೂ ಉಳಿಯಬೇಕಾದರೆ ಹರಕೆ ಎಂಬುದೇ ಸಲ್ಲದು ಎಂದು ಶಾಸ್ತ್ರೋಕ್ತವಾಗಿ ಸಿದ್ಧಮಾಡಿ ಹೆಂಡತಿಯನ್ನು ಒಪ್ಪಿಸಬೇಕು. ಕ್ರೈಸ್ತರ ಊರಿನಲ್ಲಿ ಹರಕೆ ಇರಲಾರದು. ಅಲ್ಲಿಂದ ಪುರಾವೆ ತಂದರೆ ಆಯಿತು. ಆ ಆಸೆಯಿಂದ ಬಸ್ಸು ಹತ್ತಿದೆ.

ಹನೂರಿನಿಂದಾಚೆ, ತಮಿಳು ಕನ್ನಡ ಎರಡೂ ಆಡುವ ಒಂದು ಊರು. ಮುಸುಕಿನ ಜೋಳದ ಹೊಲಗಳ ನಡುವೆ ಒಂದು ಬಿಳಿ ಚರ್ಚು. ಅದರ ಎದುರಿನ ಮನೆಯಲ್ಲಿ, ಊರವರು ಪಾಟಿ ಎನ್ನುವ ಅಜ್ಜಿಯೊಬ್ಬಳು ಅವರೆಕಾಯಿ ಬಿಡಿಸುತ್ತಿದ್ದಳು. ನಾನು ಪ್ರಶ್ನಾವಳಿ ತೆಗೆದು ಕನ್ನಡಕ ಹಾಕಿಕೊಂಡೆ.

"ಯಾರ್ ತಂಬಿ ನೀನು? ರೇಷನ್ ಕಾರ್ಡಿಗಾ?"

"ಅಲ್ಲ ಪಾಟಿ. ದೇವರ ವಿಚಾರ ಕೇಳೋಕೆ."

"ಕೇಳು. ಕೇಳ್ತಾ ಇದ್ನೂ ಬಿಡ್ಸು" ಎಂದು ಅರ್ಧ ಮೊರ ನನ್ನ ಮುಂದೆ ಸರಿಸಿದಳು.

ಅವರೆಕಾಯಿ ಬಿಡಿಸುತ್ತಾ ಮೊದಲ ಪ್ರಶ್ನೆ ಕೇಳಿದೆ. "ನಿಮ್ಮಲ್ಲಿ ಹರಕೆ ಗಿರಕೆ ಇಲ್ಲ ಅಲ್ವಾ?"

ಅಜ್ಜಿ ನನ್ನ ಮುಖವನ್ನೇ ನೋಡಿದಳು. "ಇಲ್ದೆ? ಅಂತೋಣಿಯಾರ್ ಸಾಮಿ ಸುಮ್ನೆ ಕುಂತವ್ರಾ? ಓದ್ ವರ್ಸ ನನ್ ಆಡು ಕಳ್ದೋಯ್ತು. ಮೊಮ್ಮಗಂಗೆ ಮೊಟ್ಟೆ ಒಡುಸ್ತೀನಿ ಅಂತ ಕೇಳ್ಕೊಳಕ್ಕೆ ಓದೆ."

ಮೊಟ್ಟೆ ಎಂದರೆ ಆ ಕಡೆ ಬೋಳುತಲೆ. ಮಾದಪ್ಪನಿಂದ ತಪ್ಪಿಸಿಕೊಂಡು ಇಷ್ಟು ದೂರ ಬಂದರೆ ಇಲ್ಲಿಯೂ ಕ್ಷೌರದ ಕತ್ತಿ.

"ಆಮೇಲೆ ಸಂತ ಅಂತೋಣಿಯವರು ಆಡು ಹುಡುಕಿ ಕೊಟ್ಟರಾ?"

"ಅದೇ ನೋಡು ತಂಬಿ. ಮೊಣಕಾಲೂರಿ ಇನ್ನಾ ಬಾಯೇ ತೆಗ್ದಿಲ್ಲ, ಇಂದ್ಗಡೆ ಮ್ಯಾ ಅಂತು. ಚರ್ಚ್ ಬಾಗ್ಲಲ್ಲೇ ನಿಂತದೆ, ಶನಿ."

ನಾನು ನೆಟ್ಟಗೆ ಕೂತೆ. "ಹಾಗಾದರೆ ನೀವು ಹರಸಿಕೊಳ್ಳಲೇ ಇಲ್ಲ. ಅಂದಮೇಲೆ ಮೊಮ್ಮಗನ ತಲೆ ಉಳಿಯಿತು."

"ಎಲ್ ಉಳೀತು? ಒಡ್ಸ್ದೆ."

"ಯಾಕೆ? ಕೇಳುವ ಮೊದಲೇ ಸಿಕ್ಕಿತಲ್ಲ. ಕೊಡಬೇಕು ಅಂತ ಏನಿದೆ?"

ಅಜ್ಜಿಗೆ ರೇಗಿತು. "ಏನ್ ಓದ್ದೋನಪ್ಪಾ ನೀನು! ಆಡು ಬಂತು, ಸಂತೋಸ ಆಯ್ತು. ಆ ಸಂತೋಸವ ಎಲ್ ಇಡ್ಲಿ? ಮೊಮ್ಮಗನ ತಲೆ ಎದುರ್ಗಿತ್ತು. ಮೊದ್ಲು ಉಳ ಬಿದ್ದ ಕಾಯಿ ಬೇರೆ ಆಕು, ಎಲ್ಲಾ ಸೇರುಸ್ತಾ ಇದೀಯ."

ಬರೆದುಕೊಂಡೆ. ನನ್ನ ಕೇಸಿಗೆ ಇದರಿಂದ ಏನೂ ಉಪಯೋಗವಿಲ್ಲವೆಂದು ಅಂಚಿನಲ್ಲಿ ಷರಾ ಹಾಕಿದೆ.

ಮೌಖಿಕ ಪರೀಕ್ಷೆಯ ದಿನ ಫಾದರ್ ಒಬ್ಬರೇ ಕೂತಿದ್ದರು. ಮುಂದೆ ನನ್ನ ಪ್ರಬಂಧ. ಇಪ್ಪತ್ತು ಪುಟ ತಿರುಗಿಸಿ, ಆಡಿನ ಪುಟಕ್ಕೆ ಬಂದು ನಿಂತರು.

"ಇವರು ಕೇಳುವ ಮೊದಲೇ ಸಿಕ್ಕಿತು. ಆದರೂ ಕೊಟ್ಟರು. ಯಾಕೆ?"

ಇಪ್ಪತ್ತೆರಡು ವರ್ಷದ ಸೇವಾನುಭವವನ್ನೆಲ್ಲ ತಡಕಾಡಿದೆ. ಯಾವ ನಿಯಮವೂ ಸಿಗಲಿಲ್ಲ. ಕೊನೆಗೆ ಬೇರೆ ದಾರಿ ಕಾಣದೆ ಅಜ್ಜಿಯ ಮಾತನ್ನೇ ಹೇಳಿದೆ: "ಸಂತೋಷ ಆಯಿತಂತೆ ಫಾದರ್. ಅದನ್ನು ಎಲ್ಲಿ ಇಡೋದು ಅಂತ ಗೊತ್ತಾಗಲಿಲ್ಲವಂತೆ."

ಫಾದರ್ ಪೆನ್ನು ಕೆಳಗಿಟ್ಟರು. "ನಾನು ಒಂದು ಸೆಮಿಸ್ಟರ್ ಹೇಳಿದ್ದು ಇದನ್ನೇ" ಎಂದರು.

"ಇಷ್ಟೇನಾ?" ಎಂದು ಬಾಯಿತಪ್ಪಿ ಕೇಳಿಬಿಟ್ಟೆ.

"ಇಷ್ಟೇ. ಅಂದಹಾಗೆ, ಬಂದಾಗಿನಿಂದ ನಿಮ್ಮ ಕೈ ಮೀಸೆಯ ಮೇಲೆಯೇ ಇದೆಯಲ್ಲ? ನೋವೇನಾದರೂ ಇದೆಯೇ?"

ತಪ್ಪೊಪ್ಪಿಗೆಗೆ ಅದಕ್ಕಿಂತ ಯೋಗ್ಯ ಸ್ಥಳ ಇರಲಿಲ್ಲ. ಎಲ್ಲವನ್ನೂ ಹೇಳಿದೆ. ಫಾದರ್ ನಗು ತಡೆಯಲು ಪ್ರಬಂಧವನ್ನು ಮುಖಕ್ಕೆ ಅಡ್ಡ ಹಿಡಿದರು. ಅದು ಅಲುಗಾಡುತ್ತಿತ್ತು.

"ಅಂದರೆ ನಾನು ಪಾಸು ಮಾಡಿದರೆ ಇದು ಹೋಗುತ್ತದೆ."

"ಹೌದು ಫಾದರ್."

"ಒಬ್ಬರ ಮೀಸೆಯ ಮೇಲೆ ನನಗೆ ಈ ಅಧಿಕಾರ ಬರುತ್ತದೆಂದು ಸೆಮಿನರಿಯಲ್ಲಿ ಹೇಳಿರಲಿಲ್ಲ." ಅವರು ಗಂಭೀರರಾಗಿ ಅಂಕ ಬರೆದರು. "ಪಾಸು. ಶಾಸ್ತ್ರದ ಪ್ರಕಾರ ಈ ಫಲಿತಾಂಶಕ್ಕೂ ನಿಮ್ಮ ಮೀಸೆಗೂ ಸಂಬಂಧವಿಲ್ಲ."

"ಅದನ್ನೇ ಬರೆದು ಸಹಿ ಮಾಡಿ ಕೊಟ್ಟರೆ ಉಪಕಾರ. ಮನೆಯಲ್ಲಿ ತೋರಿಸಬೇಕು."

ಪುಣ್ಯಾತ್ಮರು ಕೊಟ್ಟರು. ಅಚ್ಚ ಕನ್ನಡದಲ್ಲಿ, ಕೆಳಗೆ ಮೊಹರು ಸಮೇತ. ಬಸ್ಸಿನಲ್ಲಿ ಅದನ್ನು ನಾಲ್ಕು ಸಲ ಓದಿಕೊಂಡೆ. ನನ್ನ ಸೇವಾವಧಿಯಲ್ಲಿ ಅಷ್ಟು ಸ್ಪಷ್ಟವಾದ ಆದೇಶ ನೋಡಿರಲಿಲ್ಲ.

ಹೆಂಡತಿ ಪಾಸಾದ ಸುದ್ದಿ ಕೇಳಿ ಕಣ್ಣೊರೆಸಿಕೊಂಡಳು. ಆಮೇಲೆ ಕಾಗದವನ್ನು ಅಕ್ಷರ ಬಿಡದೆ ಓದಿದಳು, ಮೊಹರನ್ನು ಬೆಳಕಿಗೆ ಹಿಡಿದು ನೋಡಿದಳು.

"ಪಾದ್ರಿಯವರು ಒಳ್ಳೇವ್ರು ಕಣ್ರಿ. ಚೆಂದಾಗಿ ಬರ್ದವ್ರೆ."

"ನೋಡಿದೆಯಾ ಮತ್ತೆ!"

"ಆದ್ರೆ ಇದ್ರಲ್ಲಿ ಮಾದಪ್ಪನ ಸೈನೇ ಇಲ್ವಲ್ಲ?"

ಜೀವಮಾನವೆಲ್ಲ ಇನ್ನೊಬ್ಬರ ಕಾಗದಗಳನ್ನು ಇದೇ ಕಾರಣಕ್ಕೆ ಹಿಂದಿರುಗಿಸಿದವನು ನಾನು. ಕಾಗದ ಮಡಿಸಿ ಜೇಬಿಗಿಟ್ಟೆ.

ಮುಂದಿನ ಸೋಮವಾರ ಬೆಟ್ಟಕ್ಕೆ ಹೋದೆವು. ಚೀಟಿ ತೆಗೆದುಕೊಂಡು ಮುಡಿ ಕೊಡುವ ಕಡೆ ಸಾಲಿನಲ್ಲಿ ಕೂತೆ. ಕ್ಷೌರಿಕ ನನ್ನ ತಲೆಗೆ ನೀರು ಚಿಮುಕಿಸಿ, ಎರಡು ನಿಮಿಷದಲ್ಲಿ ಬೋಳಿಸಿ, ಮೀಸೆಯ ಮುಂದೆ ಕತ್ತಿ ಹಿಡಿದು ತಡೆದ.

"ಇದೂವೆ ತಗೀಬೇಕಾ ಸಾ? ಒಳ್ಳೆ ಗಟ್ಟಿ ಮಾಲು."

ನಾನು ಹೆಂಡತಿಯ ಕಡೆ ನೋಡಿದೆ. ಅವಳು ಗುಡಿಯ ಕಡೆ ನೋಡಿದಳು. "ತಗಿ" ಎಂದೆ. ಸತ್ಯ ಹೇಳಬೇಕೆಂದರೆ ಆ ಹೊತ್ತಿಗೆ ದುಃಖ ಅಷ್ಟಿರಲಿಲ್ಲ. ಅರವತ್ತನಾಲ್ಕಕ್ಕೆ ಬಿ.ಎ. ಪಾಸಾಗಿದ್ದೆ, ಒಳಗೆ ಏನೋ ಉಕ್ಕುತ್ತಿತ್ತು, ಎಲ್ಲಿ ಇಡುವುದೆಂದು ತಿಳಿಯದೆ ಕೂತಿದ್ದೆ. ಮೀಸೆ ಎದುರಿಗೇ ಇತ್ತು.

ಸ್ನಾನ ಮಾಡಿ ಗಂಧ ಬಳಿದುಕೊಂಡು ಹೆಂಡತಿಯ ಮುಂದೆ ಹೋಗಿ ನಿಂತೆ. ಅವಳು ತಲೆ ಎತ್ತಿದಳು. ತಟ್ಟನೆ ಎದ್ದು ನಿಂತು, ಸೆರಗು ಸರಿ ಮಾಡಿಕೊಂಡು, ಎರಡು ಹೆಜ್ಜೆ ಹಿಂದೆ ಸರಿದಳು.

"ಏನಾಯಿತು?"

"ಅಯ್ಯಪ್ಪಾ! ಅತ್ತೆಮ್ಮ ಎದ್ದು ಬಂದಂಗಾಯ್ತು ಕಣ್ರಿ."

ನಲವತ್ತೈದು ವರ್ಷ ಮೀಸೆಯ ಮರೆಯಲ್ಲಿ ನಮ್ಮಮ್ಮನ ತುಟಿ ಅಡಗಿತ್ತೆಂದು ನನಗೂ ಗೊತ್ತಿರಲಿಲ್ಲ. ಒಗ್ಗರಣೆಗೆ ಸಾಸಿವೆ ಸಿಡಿಯುವ ಸದ್ದಿನಲ್ಲೇ ಅಡುಗೆಯ ತಪ್ಪು ಹಿಡಿಯುತ್ತಿದ್ದ ಹೆಂಗಸು ನಮ್ಮಮ್ಮ. ಹೆಂಡತಿ ಅಲ್ಲಿಂದಲೇ ತಿರುಗಿ ಗುಡಿಗೆ ಹೋದಳು. ಮೀಸೆ ಬೇಗ ಬರಲಿ ಎಂದು ಹೊಸ ಹರಕೆ ಹೊತ್ತು ಬಂದಳು. ಈ ಸಲ ಏನು ಹರಸಿಕೊಂಡಿದ್ದಾಳೆಂದು ಕೇಳುವ ಧೈರ್ಯ ನನಗಿಲ್ಲ.

ಅಂದಿನಿಂದ ಮನೆಯಲ್ಲಿ ವಿಚಿತ್ರ ನಡೆಯುತ್ತಿದೆ. ಕಾಫಿ ಕೇಳುವ ಮೊದಲೇ ಬರುತ್ತದೆ. ಸಾರಿಗೆ ಉಪ್ಪು ಕಡಿಮೆ ಎಂದರೆ ಎದುರು ಮಾತಿಲ್ಲದೆ ಉಪ್ಪು ಬರುತ್ತದೆ. ನಾನು ಒಳಗೆ ಬಂದರೆ ಟಿ.ವಿ. ಸಣ್ಣಗಾಗುತ್ತದೆ. ಇದಾವುದನ್ನೂ ನಾನು ಕೇಳಿರಲಿಲ್ಲ. ಇದಕ್ಕೆ ಬೇಕಾದ ಯೋಗ್ಯತೆ ನನ್ನಲ್ಲಿ ಇಲ್ಲವೆಂಬುದಕ್ಕೆ ಆಕೆಯೇ ಸಾಕ್ಷಿ. ಫಾದರಿಗೆ ಪತ್ರ ಬರೆದಿದ್ದೇನೆ: ಪತ್ರಿಕೆಯ ವಿಷಯ ಈಗ ಪೂರ್ತಿ ಅರ್ಥವಾಗಿದೆ, ಸಾಧ್ಯವಾದರೆ ಆ ಹನ್ನೊಂದನ್ನು ಮರುಪರಿಶೀಲಿಸುವುದು.

ಮೀಸೆ ಇನ್ನೂ ಯಾಕೆ ಬಂದಿಲ್ಲವೆಂದು ಹೆಂಡತಿ ದಿನಾ ಮಾದಪ್ಪನನ್ನು ಕೇಳುತ್ತಾಳೆ. ಅವನ ತಪ್ಪೇನೂ ಇಲ್ಲ. ದಿನಾ ಬೆಳಗ್ಗೆ ಬಚ್ಚಲಮನೆಯ ಚಿಲಕ ಹಾಕಿಕೊಂಡು, ಅವನು ಕೊಟ್ಟದ್ದನ್ನು ನಾನೇ ಸದ್ದಿಲ್ಲದೆ ಬೋಳಿಸಿಬಿಡುತ್ತಿದ್ದೇನೆ.